ಹನ್ನೊಂದು ಸಲ ನಿಂತದ್ದು

ಫೆಬ್ರವರಿ 3, ಸಂಜೆ

ನಾಲ್ಕು ಕೇಸು. ಕಾಲು ಊದಿದೆ. ಮೂರನೆಯದು ಆರ್ವಿ ಕಿವೆಲಾ, ಎಪ್ಪತ್ತೊಂದು ವರ್ಷ, ಹಳೇ ವೆಲ್ಡರ್. ಬಲಭುಜದ ಆಪರೇಷನ್. ಎದೆಯಲ್ಲಿ ಹೃದಯ ಬಡಿಸುವ ಡಬ್ಬಿ. ಎಂದಿನಂತೆ ಡ್ರಿಪ್ ಕಂಬದಿಂದ ಡೋನಟ್ ತೆಗೆದು — ನಡುವೆ ತೂತಿರುವ ಆ ಮ್ಯಾಗ್ನೆಟ್ಟಿಗೆ ಥಿಯೇಟರಿನಲ್ಲಿ ನಾವೆಲ್ಲ ಅನ್ನುವುದೇ ಹಾಗೆ — ಡಬ್ಬಿಯ ಮೇಲಿಟ್ಟು ಟೇಪು ಹಾಕಿದೆ.

"ಕಾಫಿ ಇಲ್ದೆ ಬರೀ ಡೋನಟ್ ಕೊಡ್ತೀಯಲ್ಲಮ್ಮಾ," ಅಂದರು. ನಕ್ಕೆ. ಅರಿವಳಿಕೆ ಕೊಟ್ಟೆ, ನಿದ್ದೆ ಹೋದರು.

ಡಾಕ್ಟರು ಕಾಟರಿ ಒತ್ತಿದರು. ರಕ್ತನಾಳ ಸುಡುವಾಗಿನ ಅದೇ ಗುಂಯ್. ಪರದೆಯಲ್ಲಿ ನಾಡಿಯ ಅಲೆ ಮಲಗಿತು. ಗುಂಯ್ ನಿಂತಿತು, ಅಲೆ ಎದ್ದಿತು. ಮತ್ತೆ ಹಾಗೇ. ಬೆರಳಿನ ಕ್ಲಿಪ್ ಸರಿಯಿಲ್ಲ ಅಂದುಕೊಂಡು ಬದಲಾಯಿಸಿದೆ. ಮತ್ತೆ ಹಾಗೇ. ಕೊನೆಗೆ ಕುತ್ತಿಗೆಗೆ ಬೆರಳಿಟ್ಟೆ. ಗುಂಯ್ ಅನ್ನುವಷ್ಟು ಹೊತ್ತೂ ಬೆರಳ ಕೆಳಗೆ ಏನೂ ಇಲ್ಲ.

"ನಿಲ್ಲಿಸಿ!" ಕೂಗಿಯೇಬಿಟ್ಟೆ.

ಉಳಿದ ರಕ್ತನಾಳಗಳನ್ನು ಸುಡದೆ ದಾರದಲ್ಲಿ ಕಟ್ಟಿ ಮುಗಿಸಿದರು. ಆಮೇಲೆ ಡಾಕ್ಟರು ಮೆಲ್ಲಗೆ — "ಬೆರಳು ತಣ್ಣಗಿತ್ತು, ಕ್ಲಿಪ್ ಸರಿಯಾಗಿ ತೋರಿಸ್ಲಿಲ್ಲ ಅಂತ ಬರ್ಕೋ ಲೋರ್ನಾ." ಬರೆದೆ. ಥೂ, ನನ್ನ ಜನ್ಮಕ್ಕಿಷ್ಟು.

ಡೋನಟ್ ಕಾಣಿಸುತ್ತಿಲ್ಲ. ಕಂಬದಲ್ಲೂ ಇಲ್ಲ, ಕಸದ ಬುಟ್ಟಿಯಲ್ಲೂ ಇಲ್ಲ.

ಫೆಬ್ರವರಿ 4

ಅವರ ಡಬ್ಬಿಯ ಕಾರ್ಡ್ ಈಗ ಓದಿದೆ. ನಿನ್ನೆ ಓದಬೇಕಿತ್ತು. ಬರೀ ಪೇಸ್‌ಮೇಕರ್ ಆಗಿದ್ದರೆ ಡೋನಟ್ ಇಟ್ಟೊಡನೆ ಒಂದೇ ಸಮ ಬಡಿಸುತ್ತಿತ್ತು. ಇದು ಬಡಿತ ಹುಚ್ಚೆದ್ದರೆ ಶಾಕನ್ನೂ ಕೊಡುವ ಡಬ್ಬಿ. ಡೋನಟ್ಟಿಗೆ ಶಾಕ್ ಮಾತ್ರ ನಿಲ್ಲುತ್ತದೆ. ಕಾಟರಿಯ ಕರೆಂಟಿನ ಗದ್ದಲವನ್ನೇ ಎದೆಬಡಿತ ಅಂದುಕೊಂಡು ಡಬ್ಬಿ ತಾನು ಸುಮ್ಮನಾಗಿಬಿಡುತ್ತದೆ. ಕಿವೆಲಾಗೆ ಸ್ವಂತ ಬಡಿತವೇ ಇಲ್ಲ. ಎಲ್ಲಕ್ಕೂ ಒಂದೇ ಡೋನಟ್ ಅನ್ನುವ ನಮ್ಮ ಅಭ್ಯಾಸ…

ವಾರ್ಡಿಗೆ ಹೋಗಿ ಎಲ್ಲ ಹೇಳಿದೆ, ಕ್ಷಮೆ ಕೇಳಿದೆ. ಸಿಟ್ಟಾಗಲಿಲ್ಲ.

"ಹನ್ನೊಂದು ಸಲ," ಅಂದರು.

"ಏನು?"

"ಗುಂಯ್ ಅಂದಾಗಲೆಲ್ಲ ನಾನು ನಮ್ಮನೆ ಕಿಟಕಿ ಹತ್ರ ನಿಂತಿರ್ತಿದ್ದೆ. ಸೈಮಿ ಕೆರೆ ಕಡೆಯಿಂದ ಬರ್ತಿದ್ಲು. ಒಂದೊಂದು ಸಲಕ್ಕೂ ಒಂದಿಷ್ಟು ಹತ್ರ. ಅಷ್ಟ್ರಲ್ಲಿ ನೀನು ಕೂಗಿದೆ."

ಸೈಮಿ ಅವರ ಹೆಂಡತಿ. ಆರು ವರ್ಷದ ಹಿಂದೆ ಮೀನು ಹಿಡಿಯಲು ಹೋಗಿ, ಮಂಜುಗಡ್ಡೆ ಬಿರಿದು, ಅದೇ ಕೆರೆಯಲ್ಲಿ ಮುಳುಗಿದವರು. ಶವ ಸಿಕ್ಕಲಿಲ್ಲ.

"ಅಂದ್ರೆ ಡಬ್ಬಿ ಸುಮ್ಮನಾಗೋಕೆ ಕರೆಂಟಿನ ಗದ್ದಲ ಸಾಕು ಅನ್ನು. ಡೋನಟ್ ಇದ್ರೆ ಶಾಕೂ ಹೊಡೆಯಲ್ಲ?" ಎರಡೆರಡು ಸಲ ಕೇಳಿದರು. ನಾನೋ, ಪಾಠ ಒಪ್ಪಿಸುವವಳ ಹಾಗೆ ಬಿಡಿಸಿ ಬಿಡಿಸಿ ಹೇಳಿದೆ.

ಫೆಬ್ರವರಿ 5

ಹೃದಯದ ಕ್ಲಿನಿಕ್ಕಿನ ಬೆಟಿನಾ ಡಬ್ಬಿಯ ನೆನಪು ತೆಗೆದು ಓದಿದಳು. ಅವತ್ತು ಎಷ್ಟು ಸಲ ನಿಂತಿದೆ ಅಂತ ಕೇಳಿದೆ.

ಹನ್ನೊಂದು.

ಪೂರ್ತಿ ಅರಿವಳಿಕೆಯಲ್ಲಿದ್ದ ಮನುಷ್ಯ ಎಣಿಸಿದ್ದು ಹೇಗೆ? ಮನೆಗೆ ಬಂದು ಎಲ್ಲ ದೀಪ ಹಾಕಿ ಕೂತೆ.

ಫೆಬ್ರವರಿ 16, ಮಧ್ಯಾಹ್ನ

ಬೆಟಿನಾ ಬೆಳಿಗ್ಗೆಯೇ ಹಿಡಿದುಕೊಂಡಳು. ಕಿವೆಲಾರ ಮನೆಯಲ್ಲಿ ಮಂಚದ ಪಕ್ಕದ ಪೆಟ್ಟಿಗೆ ಡಬ್ಬಿಯನ್ನು ಓದಿ ಕ್ಲಿನಿಕ್ಕಿಗೆ ದಿನಾ ವರದಿ ಕಳಿಸುತ್ತದಲ್ಲ — ವಾರದಿಂದ ಹೃದಯ ಮತ್ತೆ ನಿಲ್ಲುತ್ತಿದೆ. ಮೊದಲು ನಾಲ್ಕು ಸೆಕೆಂಡು. ನಿನ್ನೆ ಒಂಬತ್ತು. ಶಾಕ್ ಇಲ್ಲ.

"ಮನೇಲಿ ಯಾರೇ ಕಾಟರಿ ಇಟ್ಕೊಂಡಿರ್ತಾರೆ?" ಅಂದಳು.

ಕಾಟರಿ ಅಲ್ಲ, ವೆಲ್ಡಿಂಗ್ ಮೆಷೀನು. ನನಗೆ ಆ ಕ್ಷಣವೇ ಹೊಳೆಯಿತು. ಡೋನಟ್ ಎಲ್ಲಿ ಹೋಯಿತು ಅನ್ನುವುದೂ.

ಅವರ ಮನೆಗೆ ಹೋದೆ. ಡೋನಟ್ಟನ್ನು ಗ್ಯಾರೇಜಿನಲ್ಲಿ ಮೊಳೆಗೆ ನೇತುಹಾಕಿದ್ದರು. ನಾಚಿಕೆಯೂ ಇಲ್ಲ. ಕಾಫಿ, ಏಲಕ್ಕಿ ಬ್ರೆಡ್ ಕೊಟ್ಟರು.

"ಎಡಗೈಯಲ್ಲೇ ಕಿಡಿ ಹಚ್ತೀನಿ. ಪ್ರಜ್ಞೆ ತಪ್ಪಿದ್ರೆ ಕೈ ಸಡಿಲ, ಕಿಡಿ ಆರುತ್ತೆ, ನಾನು ವಾಪಸ್. ಇನ್ನೇನು ಭಯ?"

"ಒಂದಿನ ವಾಪಸ್ ಬರಲ್ಲ, ಅಷ್ಟೇ!"

"ನಿನ್ನೆ ಮೆಟ್ಟಿಲ ಹತ್ರ ಬಂದಿದ್ಲು ಕಣಮ್ಮಾ. ಬೂಟಿನಿಂದ ನೀರು ಸೋರ್ತಿತ್ತು."

ಬೈದೆ. ಅತ್ತೂಬಿಟ್ಟೆ. ಹೇಳಿಕೊಟ್ಟವಳು ನಾನೇ ಅಲ್ಲವೇ. ಮೆಷೀನಿನ ಕೇಬಲ್ ಬಿಚ್ಚಿ, ಡೋನಟ್ ಕಿತ್ತುಕೊಂಡು ಬಂದೆ. ತಡೆಯಲಿಲ್ಲ.

"ತಗೊಂಡು ಹೋಗು," ಅಂದರು. "ಅವಳಿಗೆ ಈಗ ದಾರಿ ಗೊತ್ತಾಗಿದೆ."

ಫೆಬ್ರವರಿ 17, ಬೆಳಿಗ್ಗೆ 7:50

ಬೆಟಿನಾ ಫೋನು. 6:40ಕ್ಕೆ ಇಪ್ಪತ್ತೆರಡು ಸೆಕೆಂಡು ನಿಂತಿದೆ. ಅದೇ ಗದ್ದಲ. ಶಾಕ್ ಇಲ್ಲ.

ಕೇಬಲ್ ನನ್ನ ಮೇಜಿನ ಮೇಲಿದೆ. ಡೋನಟ್ಟೂ. ಮುಟ್ಟಿ ನೋಡಿದೆ.

"ಆಮೇಲೆ ಬಡಿತ ಶುರುವಾಯ್ತಾ?"

"ಡಬ್ಬಿಯೇ ಪೆಟ್ಟಿಗೆಗೆ ಸಿಗ್ತಿಲ್ಲ ಲೋರ್ನಾ. ಮನುಷ್ಯ ಮನೆಯಲ್ಲಿಲ್ಲ."

ಫೋನ್ ಎತ್ತುತ್ತಿಲ್ಲ. ಆಂಬುಲೆನ್ಸಿಗೆ ಹೇಳಿದೆ. ಹೊರಟೆ.

8:25, ಕಾರಿನಲ್ಲಿ

ಆಂಬುಲೆನ್ಸ್ ಬಂದಿಲ್ಲ. ಕಿವೆಲಾರ ಮನೆ ಬಾಗಿಲು ತೆರೆದಿದೆ. ಮನೆಯೊಳಗೆಲ್ಲ ಹುಡುಕಿದೆ, ಇಲ್ಲ. ಗ್ಯಾರೇಜಿಗೆ ಬೀಗ. ಬರೆದಿಟ್ಟುಬಿಡುತ್ತೇನೆ, ಆಮೇಲೆ ನಾನೇ ನಂಬುವುದಿಲ್ಲ. ಅಂಗಳದಲ್ಲಿ ಹೊಸ ಹಿಮ. ಕೆರೆಯಿಂದ ಬಾಗಿಲವರೆಗೆ ಒಬ್ಬರ ಹೆಜ್ಜೆ, ಗುರುತು ಗುರುತಿನಲ್ಲೂ ನೀರು ಹೆಪ್ಪುಗಟ್ಟಿದೆ. ಬಾಗಿಲಿನಿಂದ ಕೆರೆಗೆ ಇಬ್ಬರದು.

ಹೋಗಿ ಕೂಗುತ್ತೇನೆ. ಅವತ್ತು ಕೂಗಿದ್ದಕ್ಕೇ ತಾನೇ ಅವರು ವಾಪಸ್ ಬಂದ—