ಅಮ್ಮನ ಬಾಯಿಗೆ ಬೀಗವಿಲ್ಲ

ಮಂಗಳವಾರ, ಮಾರ್ಚ್ 4

ದೇವರ ಮೇಲೆ ಸಿಟ್ಟಿಲ್ಲ ನನಗೆ. ಪ್ರಾರ್ಥನೆ ಬಿಟ್ಟೂ ಇಲ್ಲ. ಸಿಟ್ಟು ಇರುವುದು ಅಮ್ಮನ ಬಾಯಿ ಮೇಲೆ.

ಪ್ರತಿ ಭಾನುವಾರ ಚರ್ಚಿನಲ್ಲಿ ಮೈಕ್ ಹಿಡಿದು ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುತ್ತಾಳೆ — ನನ್ನ ಮಗ ಯಾಂದೆಲ್ ಕಾರು ಕದ್ದ ಅಂತ ಅಲೆನ್‌ಟೌನ್ ಪೊಲೀಸರು ಹಿಡಿದರು, ದೇವರು ಬಿಡಿಸಿದ! ಎಲ್ಲರೂ ಆಮೆನ್. ಎಲ್ಲರೂ ತಿರುಗಿ ನನ್ನ ಮುಖ ನೋಡುತ್ತಾರೆ.

ಕದ್ದಿಲ್ಲ. ಕದ್ದವನು ಬೇರೆ. ಕೇಸು ಬಿದ್ದುಹೋಯಿತು. ಇವತ್ತು ವಕೀಲೆ ಫೋನ್ ಮಾಡಿದ್ದಳು. "ನಿನ್ನ ರೆಕಾರ್ಡ್ ಸೀಲ್ ಆಯ್ತು. ಅರ್ಜಿ ಗಿರ್ಜಿ ಬೇಡ, ಶಿಕ್ಷೆ ಆಗದ ಕೇಸನ್ನ ಕೋರ್ಟಿನ ಕಂಪ್ಯೂಟರೇ ಮುಚ್ಚಿಬಿಡುತ್ತೆ. ಕೆಲಸ ಕೊಡೋರಿಗೆ ಕಾಣಲ್ಲ. ನೀನೂ ಹೇಳ್ಬೇಕಾಗಿಲ್ಲ."

ಇನ್ನಾದರೂ ಸುಮ್ಮನಿರು ಅಂದೆ ಅಮ್ಮನಿಗೆ. "ಆ ಕಂಪ್ಯೂಟರ್‌ಗೆ ಹೇಳು, ಬಂದು ನನ್ನ ಬಾಯಿಗೂ ಬೀಗ ಹಾಕ್ಲಿ!"

ಗುರುವಾರ, 6

ಬ್ರೆಡ್ ಫ್ಯಾಕ್ಟರಿಯಲ್ಲಿ ಇಂಟರ್‌ವ್ಯೂ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನನ್ನು ಕರೆದದ್ದೇ ದೊಡ್ಡದು. ಸೂಪರ್‌ವೈಸರ್ ಮಿಗ್ದಾಲಿಯಾ ನಮ್ಮವಳೇ, ಪೋರ್ಟೊ ರಿಕೊ ದ್ವೀಪದವಳು.

"ಪೊಲೀಸ್ ಕೇಸು ಗೀಸು ಏನಾದ್ರೂ ಇತ್ತೇನಪ್ಪಾ?"

ಇಲ್ಲ ಅಂದೆ. ಕಾನೂನು ನನ್ನ ಕಡೆಯೇ ಇದೆ. ಆದರೂ ಅಂಗೈ ಪ್ಯಾಂಟಿಗೆ ಒರೆಸಿಕೊಂಡೆ.

ಹೊರಡುವಾಗ ಕೂಗಿದಳು. "ಲೋ, ಸೆವೆಂತ್ ಸ್ಟ್ರೀಟ್ ಚರ್ಚಿನ ಹುಡುಗ ಅಲ್ವಾ ನೀನು? ಅದರ ಬಾಗಿಲಲ್ಲಿ ನೋಡಿದೀನಿ. ಈ ಭಾನುವಾರದಿಂದ ನಾವೂ ಅಲ್ಲಿಗೇ ಬರ್ತಿದೀವಿ!"

ಭಾನುವಾರ ಅಂದರೆ ಅಮ್ಮ, ಅಮ್ಮನ ಕೈಯಲ್ಲಿ ಮೈಕ್...

ಶನಿವಾರ, 8

ಕೆಲಸ ಸಿಕ್ಕಿತು! ಸೋಮವಾರದಿಂದ. ಪೊಲೀಸ್ ರೆಕಾರ್ಡ್ ಚೆಕ್ ಮಾಡಿಸಿದರಂತೆ, ಏನೂ ಬರಲಿಲ್ಲವಂತೆ. ಅಮ್ಮ ಅತ್ತಳು. ತೊಗರಿಕಾಳು ಹಾಕಿ ಅನ್ನ ಮಾಡಿದಳು, ಹಬ್ಬದ ಹಾಗೆ. ಬಡಿಸುತ್ತಾ ಅಂದಳು: "ನಾಳೆ ಎರಡು ಸಾಕ್ಷಿ. ಕೆಲಸದ್ದು ಒಂದು, ಸೀಲ್ ಆಗಿದ್ದು ಒಂದು!"

ತಟ್ಟೆ ಪಕ್ಕಕ್ಕೆ ತಳ್ಳಿದೆ.

ಭಾನುವಾರ, ಬೆಳಿಗ್ಗೆ

ಅಮ್ಮನ ಕಾಲು ಹಿಡಿಯುವುದೊಂದೇ ಬಾಕಿ. ಮಿಗ್ದಾಲಿಯಾ ಮುಂದೆಯೇ ಕೂತಿರುತ್ತಾಳೆ, ಕೇಸಿಲ್ಲ ಅಂದಿದ್ದೀನಿ ಅವಳಿಗೆ, ಸುಳ್ಳ ಅಂದುಕೊಂಡರೆ ಕೆಲಸ ಹೋಯಿತು — ಎಲ್ಲ ಹೇಳಿದೆ. ಅಮ್ಮ ಬಿಳಿ ಲಂಗಕ್ಕೆ ಇಸ್ತ್ರಿ ಒತ್ತುತ್ತಲೇ ಇದ್ದಳು.

"ನಿನ್ನ ಕೈಗೆ ಕೋಳ ಹಾಕಿ ಎಳ್ಕೊಂಡ್ ಹೋಗಿದ್ದನ್ನ ಬೀದಿಗೆ ಬೀದಿಯೇ ನೋಡ್ತು. ಬಿಟ್ಟಿದ್ದನ್ನ ಯಾರು ನೋಡಿದ್ರೋ? ಒಬ್ರೂ ಇಲ್ಲ. ಅದಕ್ಕೇ ನಾನು ಕೂಗಿ ಹೇಳೋದು. ಮುಚ್ಚಿಟ್ರೆ ಕದ್ದೋನಾಗೇ ಉಳ್ಕೋತೀಯ."

ನಾನು ಕಿರುಚಿದೆ.

"ಕಿರುಚು ಕಿರುಚು. ಮೈಕ್ ಇರೋದು ನನ್ನ ಕೈಲಿ."

ಲಂಗ ಉಟ್ಟಾಯಿತು. ಈಗ ಶೂ ಹುಡುಕುತ್ತಿದ್ದಾಳೆ. ನಾನು ಮುಂಚೆಯೇ ಹೋಗುತ್ತೇನೆ. ಚರ್ಚಿನ ಮೆಟ್ಟಿಲ ಮೇಲೆ ನಿಂತು, ಮಿಗ್ದಾಲಿಯಾ ಒಳಗೆ ಕಾಲಿಡುವ ಮೊದಲೇ, ನನ್ನ ಬಾಯಿಂದಲೇ ಅವಳಿಗೆ ಹೇಳಿಬಿಡುತ್ತೇನೆ... ಥೂ. ಕೋರ್ಟೇ ಮುಚ್ಚಿದ್ದನ್ನು!

"ಜಾಕೆಟ್ ಹಾಕ್ಕೊಳೋ, ಚಳಿ ಇದೆ!" — ಒಳಗಿನಿಂದ.

ಹಾಕಿಕೊಳ್ಳುವುದಿಲ್ಲ. ಬಾಗಿಲು ಹೇಗೆ ಬಡಿದು ಹೋಗುತ್ತೇನೆ ಅಂದರೆ, ಮೇಲಿನ ಮನೆಯವರೂ ಎದ್ದು ಕೂರಬೇಕು.