ಮಾಣಿಕಮ್ಮನ ಹೆಬ್ಬೆಟ್ಟು

ಪಲ್ಲವೀ,

ಮಣ್ಣೂರ ಬಸ್ಸಿಗೆ ಹೊಂಟೇನಿ, ಮಧ್ಯಾಹ್ನ ಬರ್ತೇನಿ. ನಿನ್ನ ಮುಂದ ನಿಂತು ಹೇಳಾಕ ಮಾರಿ ಇಲ್ಲ, ಅದಕ್ಕ ಎಬ್ಬಿಸಲಿಲ್ಲ. ಲ್ಯಾಪ್‌ಟಾಪು, ಹೆಬ್ಬೆಟ್ಟು ಒತ್ತೋ ಮಷೀನು ಎರಡೂ ನನ್ನ ಕಡೆ ಅದಾವ, ಅಂಗಡಿ ತೆಗೀಬ್ಯಾಡ. ರೊಟ್ಟಿ ಬುಟ್ಟ್ಯಾಗ ಅದಾವ, ಪುಂಡಿಪಲ್ಯ ಬಿಸಿ ಮಾಡ್ಕೋ.

ಹೆಬ್ಬೆಟ್ಟಿನ ಮಷೀನು ನಡಸೋ ಬ್ರೌಸರಿನ ಪ್ಲಗಿನ್ ಹಳೇದಾಗ್ಯಾದ, ಅಪ್‌ಡೇಟ್ ಮಾಡಪ್ಪಾ ಅಂತ ನೀ ತಿಂಗಳಿಂದ ಬಡಕೊಳ್ಳಾಕತ್ತಿದ್ದಿ. ಎರಡು ಸಲ ಅರ್ಧಕ್ಕ ನಿಂತಿತು ಅಂತ ನಾ ಬೇಸತ್ತು ಬಿಟ್ಟೆ, ನಿನಗೂ ಮುಟ್ಟಾಕ ಬಿಡಲಿಲ್ಲ. ಹೆಬ್ಬೆಟ್ಟು ಬರದಿದ್ರ ಬಂದವರಿಗೆಲ್ಲ, 'ಕೂಲಿ ಮಾಡಿ ನಿಮ್ಮ ಬೆರಳು ಸವದಾವ್ರಿ' ಅಂತಿದ್ದೆ. ಇವತ್ತು ಮುಂಜಾನಿ ನನ್ನ ಹೆಬ್ಬೆಟ್ಟು ಒತ್ತಿ ನೋಡಿದೆ. ಅದೂ ಬರಲಿಲ್ಲ. ಹಳೇ ಪ್ಲಗಿನ್ ಪೂರಾ ತೆಗೆದು ಹೊಸದು ಹಾಕಿದೆ, ಒಂದೇ ಸಲಕ್ಕ ಬಂತು.

'ಕೈ ತಿಕ್ಕಿ ತೊಳೆದು ಬರ್ರಿ' ಅಂತ ನಾ ಗ್ವಾಡಿಗೆ ಹಚ್ಚಿದ ಕಾಗದ ಹರಿದು ಒಗಿ. ಯಾರರೆ ಕೇಳಿದ್ರ ತಪ್ಪು ನಮ್ಮದು ಅನ್ನು.

ಮಣ್ಣೂರ ಮಾಣಿಕಮ್ಮನ್ನ ರೇಷನ್ ಕಾರ್ಡಿನ ಕೆಲಸಕ್ಕ ಮೂರು ಸಲ ತಿರುಗಿಸೇನಿ. ಮೂರನೇ ಸಲ ಬಂದಾಗ ಆಕಿ ಹೆಬ್ಬೆಟ್ಟು ಕಲ್ಲಿಗೆ ತಿಕ್ಕಿ ತಿಕ್ಕಿ ಕೆಂಪಗಾಗಿತ್ತು. ಅದನ್ನ ಕಣ್ಣಾರೆ ನೋಡಿಯೂ ನಾ, 'ಇನ್ನೊಂದೀಟು ಗಟ್ಟಿ ಒತ್ತ ಬೇ' ಅಂದೆ.

ನಿಮ್ಮಪ್ಪ