ಮುಂದಕ್ಕೆ ಹೋದ ಹೋಮ, ಇಪ್ಪತ್ತಮೂರು ದಿನದ ಮಾತ್ರೆ

ಕೊಪ್ಪ
೧೪-೧೧-೨೦೨೪, ಗುರುವಾರ

ಕುಮಾರಿ ಅರ್ಪಣಾಳಿಗೆ ಅಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀನು ಕ್ಷೇಮವೋ ಅಲ್ಲವೋ ಅನ್ನುವುದನ್ನು ನಿನ್ನ ಅಪ್ಪನ ಬಾಯಿಂದ ಕೇಳಿ ತಿಳಿಯುತ್ತಿದ್ದೇನೆ, ಯಾಕೆಂದರೆ ನನ್ನ ಫೋನು ನೀನು ಎತ್ತದೆ ಮೂರು ವಾರವಾಯಿತು. ದೀಪಾವಳಿಗೂ ಶಿವಮೊಗ್ಗದ ಹಾಸ್ಟೆಲಿನಲ್ಲೇ ಉಳಿದೆ. ಈ ಕಾಗದವನ್ನು ಅವತ್ತೇ ಬರೆಯಬೇಕಿತ್ತು. ತಪ್ಪೊಪ್ಪಿಗೆಯ ಕಾಗದ ನೋಡು, ಪೆನ್ನು ಬೇಗ ಸಿಗುವುದಿಲ್ಲ. ವಾಟ್ಸಾಪ್ ಇರುವಾಗ ಅಂಚೆ ಯಾಕೆ ಅಂತ ನಗಬೇಡ, ಅದಕ್ಕೊಂದು ಕಾರಣವಿದೆ, ಕೊನೆಗೆ ಹೇಳುತ್ತೇನೆ.

ಅವತ್ತು ನೀನು ಕೇಳಿದ್ದು ಇಷ್ಟೇ. "ಅಮ್ಮ, ಹೊಟ್ಟೆನೋವಿಗೆ ಅಂತ ಡಾಕ್ಟರು ಗರ್ಭನಿರೋಧಕ ಮಾತ್ರೆ ಬರೆದಿದ್ದಾರೆ. ಮಧ್ಯೆ ನಿಲ್ಲಿಸದೆ ತಗೊಂಡ್ರೆ ಡಿಸೆಂಬರ್ ಪಂದ್ಯದ ಹೊತ್ತಿಗೆ ಮುಟ್ಟು ಆಗೋದಿಲ್ವಂತೆ. ತಗೊಳ್ಲಾ?" ಹೋದ ವರ್ಷ ಖೋ ಖೋ ಫೈನಲ್ಲಿನ ದಿನ ನೀನು ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಮಲಗಿದ್ದು ನನಗೆ ಗೊತ್ತು. ಆದರೂ ಗರ್ಭ ಅನ್ನುವ ಎರಡಕ್ಷರ ಕಿವಿಗೆ ಬಿದ್ದಮೇಲೆ ಉಳಿದದ್ದು ಬೀಳಲೇ ಇಲ್ಲ. "ಮದುವೆಯಾಗದ ಕೂಸಿಗೆ ಆ ಮಾತ್ರೆಯಾ? ಈಗಲೇ ಕಸದ ಬುಟ್ಟಿಗೆ ಹಾಕಿ ಫೋಟೋ ಕಳಿಸು" ಅಂದೆ. ನೀನು ಹಾಕಿದೆ, ಕಳಿಸಿದೆ. ಬುಟ್ಟಿಯ ಫೋಟೋ ಚೆನ್ನಾಗಿ ಬಂದಿತ್ತು.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಹಾಗೆ ಬೈಯುವಾಗ ನನ್ನ ಬಲಗೈಯಲ್ಲಿ ನೀರಿನ ಲೋಟ, ಎಡಗೈಯಲ್ಲಿ ಮುಟ್ಟು ಮುಂದೂಡುವ ಮಾತ್ರೆ, ಫೋನು ಕಿವಿಗೂ ಹೆಗಲಿಗೂ ನಡುವೆ. ಬೈದು ಮುಗಿಸಿ ನುಂಗಿದೆ.

ಆಗ ನರಸಿಂಹರಾಜಪುರದ ದೊಡ್ಡಪ್ಪನ ಮನೆಯ ಚಂಡಿಕಾ ಹೋಮ ಹತ್ತಿರ ಬಂದಿತ್ತಲ್ಲ. ನಿನ್ನ ಸುಬ್ಬಮ್ಮಜ್ಜಿಯ ಪದ್ಧತಿ ನಿನಗೆ ಗೊತ್ತೇ ಇದೆ. ಮನೆಯಲ್ಲಿ ದೇವರ ಕಾರ್ಯ ಅಂದರೆ ಮೊದಲು ಸೊಸೆಯರ ತಾರೀಖು ಕೇಳುತ್ತಾರೆ, ಆಮೇಲೆ ಪುರೋಹಿತರದ್ದು. ಗೋಡೆಯ ಕ್ಯಾಲೆಂಡರಿನಲ್ಲಿ ಸಂಕಷ್ಟಿಯ ಕೆಳಗೇ ನನ್ನ ಹೆಸರು, ಏಕಾದಶಿಯ ಕೆಳಗೆ ದೊಡ್ಡಮ್ಮನದು. ತಾರೀಖು ಅಡ್ಡ ಬಂದರೆ ಫೋನು ಮಾಡಿ, "ವಾರಿಜ, ಮಾತ್ರೆ ಶುರು ಮಾಡು" ಅನ್ನುತ್ತಾರೆ. ಇಲ್ಲಿನ ಮೆಡಿಕಲ್ ಅಂಗಡಿಯ ಸೋಮಶೇಖರಪ್ಪನವರಂತೂ ನನ್ನ ಮುಖ ಕಂಡ ಕೂಡಲೇ, "ಯಾರ ಮನೇಲಿ ಪೂಜೆ ಅಕ್ಕ?" ಅನ್ನುತ್ತಾ ಪೇಪರಿನಲ್ಲಿ ಸುತ್ತಿಟ್ಟಿರುತ್ತಾರೆ.

ನಾಲ್ಕು ದಿನ ಮುಂದೂಡಿದರೆ ಸಾಕಿತ್ತು. ಅಷ್ಟರಲ್ಲಿ ಹರಿಹರಪುರದ ಪುರೋಹಿತರ ತಮ್ಮನಿಗೆ ಗಂಡುಮಗು ಹುಟ್ಟಿ ಅವರಿಗೆ ಪುರುಡು, ಹೋಮ ಹತ್ತು ದಿನ ಮುಂದಕ್ಕೆ. ಅಜ್ಜಿ, "ನೀವೂ ಮುಂದುವರಿಸಿ" ಅಂದರು. ಅದು ಮುಗಿಯಿತು ಅನ್ನುವಾಗ ನಮ್ಮದೇ ದಾಯಾದಿಯೊಬ್ಬರು, ನಾನು ಹೆಸರೂ ಕೇಳದವರು, ತೀರಿಕೊಂಡು ಸೂತಕ. ಮತ್ತೊಂದು ವಾರ. ನಾನು ಒಂದು ಪದ್ಯ ಕಟ್ಟಿದೆ:

ಹೋಮ ಹೋಯಿತು ಮುಂದಕ್ಕೆ,
ಮುಟ್ಟು ಹೋಯಿತು ಮುಂದಕ್ಕೆ,
ಮಾತ್ರೆ ನುಂಗಿ ನುಂಗಿ ಕೊನೆಗೆ
ಹೊಟ್ಟೆ ಬಂತು ಮುಂದಕ್ಕೆ.

ನಿನ್ನ ಅಪ್ಪ ನಗಲಿಲ್ಲ. ಹೊಟ್ಟೆ ಕಡೆ ನೋಡಿದರು.

ಒಟ್ಟು ಇಪ್ಪತ್ತಮೂರು ದಿನ ನುಂಗಿದೆ. ಇಷ್ಟಾಗಿ ಮೊನ್ನೆ ಸೋಮವಾರ, ಹೋಮದ ದಿನ ಬೆಳಿಗ್ಗೆ, ಕೊಟ್ಟೆಕಡುಬಿಗೆ ಹಿಟ್ಟು ತುಂಬುತ್ತಿದ್ದಾಗ ದೊಡ್ಡಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಒಟ್ಟಿಗೇ. ಕಾರ್ ಶೆಡ್ಡಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. "ಎಂತ ಮಾರಾಯ್ತಿ, ಇಷ್ಟು ದಿನ ತಡೆದದ್ದು ಇವತ್ತೇ ಕೈಕೊಡಬೇಕಾ" ಅಂತ ದೊಡ್ಡಮ್ಮ ಹೋಮದ ಹೊಗೆ ಕುಡಿಯುತ್ತಾ ಕೂತಳು. ಒಳಗೆ ಎಪ್ಪತ್ತೆರಡರ ಅಜ್ಜಿ ಅರವತ್ತು ಜನಕ್ಕೆ ಅಡಿಗೆ ಮಾಡಿದರು. ನಿನ್ನ ಅಪ್ಪ ಜೀವಮಾನದಲ್ಲಿ ಮೊದಲ ಸಲ ಕಾಯಿ ತುರಿದರು, ಕಾಯಿಯ ಜೊತೆ ಹೆಬ್ಬೆರಳನ್ನೂ. ಮಧ್ಯಾಹ್ನ ಅಜ್ಜಿಯೇ ಪಾಯಸದ ಲೋಟ ತಂದು ದೂರದಲ್ಲಿಟ್ಟು, ಅಲ್ಲೇ ಕಲ್ಲಿನ ಮೇಲೆ ಕೂತು ಸೊಂಟ ಒತ್ತಿಕೊಂಡರು. "ನಮ್ಮ ಕಾಲದಲ್ಲಿ ಮಾತ್ರೆ ಇರಲಿಲ್ಲ, ತಿಂಗಳಿಗೆ ಮೂರು ದಿನ ರಜೆಯಾದರೂ ಇತ್ತು" ಅಂದರು. ಬೈದರೋ ಹೊಟ್ಟೆಕಿಚ್ಚುಪಟ್ಟರೋ ತಿಳಿಯಲಿಲ್ಲ.

ಅಲ್ಲೇ ಕೂತಿದ್ದಾಗ ನನಗೆ ಕಣ್ಣ ಮುಂದೆ ಅಂಕುಡೊಂಕು ಬೆಳಕು ಓಡಿ, ಆಮೇಲೆ ಅರ್ಧ ತಲೆ ಸಿಡಿಯತೊಡಗಿತು. ಆ ತಲೆನೋವು ನನಗೆ ಹಳೆಯದು, ಹೊಗೆಯಿಂದ ಅಂತ ಸುಮ್ಮನಿದ್ದೆ. ಮರುದಿನ ಅಪ್ಪ ಹಟ ಹಿಡಿದು ಲೇಡಿ ಡಾಕ್ಟರ್ ಚೇತನಾ ಹತ್ತಿರ ಕರೆದುಕೊಂಡು ಹೋದರು. ಬಿಪಿ ನೂರ ಅರವತ್ತು.

"ಈ ಮಾತ್ರೆ ಯಾರು ಬರೆದುಕೊಟ್ಟರು?"

"ಅತ್ತೆ."

"ಅವರು ಡಾಕ್ಟರಾ?"

"ಅಲ್ಲ, ಅತ್ತೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ನಾಲ್ಕು ದಿನಕ್ಕೆ, ಅದೂ ಬಿಪಿ ನೋಡಿ, ತಲೆನೋವು ಇದೆಯಾ, ರಕ್ತ ಹೆಪ್ಪುಗಟ್ಟಿದ್ದುಂಟಾ ಅಂತ ಕೇಳಿ ಕೊಡುವ ಮಾತ್ರೆಯಂತೆ. ನನ್ನಂಥವಳಿಗೆ ಕೊಡುವ ಮೊದಲು ಅವರು ನಾಲ್ಕು ಸಲ ಯೋಚಿಸುತ್ತಿದ್ದರಂತೆ. ನಾನು ಹತ್ತು ವರ್ಷದಿಂದ ಸೋಮಶೇಖರಪ್ಪನವರ ಹತ್ತಿರ ತಂದು ನುಂಗಿದೆ. ನಿನ್ನನ್ನು ಬೈದಿದ್ದು ಡಾಕ್ಟರಿಗೆ ತೋರಿಸಿ ತಗೊಳ್ಳಲು ಹೊರಟಿದ್ದಕ್ಕೆ.

ಆಗ ಧೈರ್ಯ ಮಾಡಿ ನಿನ್ನ ವಿಷಯ ಕೇಳಿದೆ. "ತಿಂಗಳುಗಟ್ಟಲೆ ಆಗದಿದ್ದರೆ ಕೆಟ್ಟ ರಕ್ತ ಒಳಗೇ ಉಳಿಯುವುದಿಲ್ಲವಾ?" ಅಂದೆ. ನಕ್ಕರು. ಆ ಮಾತ್ರೆಯಲ್ಲಿ ಗರ್ಭಕೋಶದ ಒಳಪದರ ತೆಳ್ಳಗೇ ಇರುತ್ತದೆ, ಉಳಿಯುವುದಕ್ಕೆ ಏನೂ ಇರುವುದಿಲ್ಲ. ಆರೋಗ್ಯವಾಗಿರುವ ಹೆಚ್ಚಿನ ಹುಡುಗಿಯರಿಗೆ ತೊಂದರೆಯಿಲ್ಲ. ನಿಲ್ಲಿಸಿದರೆ ಮತ್ತೆ ಮೊದಲಿನ ಹಾಗೆ, ಮುಂದೆ ಮಕ್ಕಳಾಗುವುದಕ್ಕೂ ಅಡ್ಡಿಯಿಲ್ಲ ಅಂದರು. ಶುರುವಿನಲ್ಲಿ ನಡುನಡುವೆ ರಕ್ತದ ಕಲೆ ಕಾಣಬಹುದಂತೆ. ಕಾಲು ಊದಿ ನೋವು, ಎದೆನೋವು, ಉಸಿರಾಟಕ್ಕೆ ಕಷ್ಟ, ಇಂಥದ್ದೇನಾದರೂ ಆದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ಮುಖ್ಯ: ಅಮ್ಮನಿಗೆ ಬಿಪಿ ಇದೆ, ಕಣ್ಣಿಗೆ ಬೆಳಕು ಹೊಡೆದು ಬರುವ ಅರೆತಲೆನೋವಿದೆ ಅಂತ ನಿನ್ನ ಡಾಕ್ಟರಿಗೆ ಹೇಳು. ನಿನಗೂ ಯಾವಾಗಲಾದರೂ ಹಾಗಾಗಿದ್ದರೆ ಮುಚ್ಚಿಡಬೇಡ, ಆಗ ಆ ಮಾತ್ರೆ ನಿನಗಾಗದು.

ತಂಡದಲ್ಲಿ ನಿನ್ನ ಹೆಸರು ಇನ್ನೂ ಇದೆ, ಈ ತಿಂಗಳ ಕೊನೆಯೊಳಗೆ ಆಡುತ್ತೀಯೋ ಇಲ್ಲವೋ ಹೇಳಬೇಕು ಅಂತ ಅಪ್ಪ ಹೇಳಿದರು. ಇದು ಕೈಗೆ ಸಿಕ್ಕ ಕೂಡಲೇ ಡಾಕ್ಟರ ಹತ್ತಿರ ಹೋಗು. ಈಗ ಶುರು ಮಾಡಿದರೆ ಸಾಕೋ ತಡವಾಯಿತೋ ಅವರೇ ಹೇಳಲಿ. ತಡವಾಗಿದ್ದರೆ ಅದಕ್ಕೆ ಕಾರಣ ನಾನು, ನನ್ನನ್ನು ಬಾಯ್ತುಂಬ ಬೈಯಲಾದರೂ ಫೋನು ಮಾಡು. ಪಂದ್ಯಕ್ಕೆ ನಾನು ಬರುತ್ತೇನೆ. ಹುರಿದುಂಬಿಸಲು ಪದ್ಯ ಕಟ್ಟುವುದಿಲ್ಲ ಅಂತ ಮಾತು ಕೊಡಲಾರೆ.

ದೇವರು ನಿನ್ನ ಕಾಲಿಗೆ ವೇಗ ಕೊಡಲಿ, ನನ್ನ ನಾಲಿಗೆಗೆ ನಿಧಾನ ಕೊಡಲಿ.

ಇಂತಿ ನಿನ್ನ ಅಮ್ಮ,
ವಾರಿಜ

ತಾ.ಕ.: ಈ ಮಾತ್ರೆ ಮೊದಲ ಸಲ ಯಾವಾಗ ತಗೊಂಡಿರಿ ಅಂತ ಡಾಕ್ಟರು ಕೇಳಿದರು. ಅತ್ತೆ ಹೇಳಿದಮೇಲೆ ಅಂತ ಸುಳ್ಳು ಹೇಳಿದೆ. ನಿನಗೆ ಹೇಳುತ್ತೇನೆ. ನೆಮ್ಮಾರಿನಲ್ಲಿ ನನ್ನ ಅಮ್ಮ ತೀರಿಕೊಂಡ ದಿನ ನಾನು ಹೊರಗೆ ಕೂತಿದ್ದೆ, ಎರಡನೇ ದಿನ. ಜಗಲಿಯ ಕಿಟಕಿಯಿಂದ ನೋಡುತ್ತಿದ್ದೆ. "ವಾರಿಜ ಎಲ್ಲಿ?" ಅಂತ ಅಮ್ಮ ಕೇಳಿದಳು. "ಹೊರಗಿದ್ದಾಳೆ" ಅಂದರು. ಅಮ್ಮ, ಸರಿ, ಅನ್ನುವ ಹಾಗೆ ತಲೆಯಾಡಿಸಿದಳು. ಅವಳು ಅದನ್ನು ಒಪ್ಪಿಕೊಂಡದ್ದೇ ನನಗೆ ಇವತ್ತಿಗೂ ನುಂಗಲಾಗಿಲ್ಲ. ನನ್ನ ಬದಲು ಒಂಬತ್ತು ವರ್ಷದ ನೀನು ಹೋಗಿ ಅವಳ ಬಾಯಿಗೆ ತುಂಗೆಯ ನೀರು ಬಿಟ್ಟೆ. ಅವಳ ಮೊದಲ ತಿಥಿಗೆ ನಾನು ಮೊದಲ ಮಾತ್ರೆ ತಗೊಂಡೆ.

ಕಾಗದ ಬರೆದದ್ದು ಇದಕ್ಕೆ. ನನ್ನ ಕೊನೆಗಾಲದಲ್ಲಿ ನಿನಗೆ ಯಾವ ದಿನವೇ ಆಗಿರಲಿ, ನೇರ ಒಳಗೆ ಬಂದು ನೀರು ಬಿಡು. ಯಾರಾದರೂ ಬಾಗಿಲಲ್ಲಿ ತಡೆದರೆ ಇದನ್ನು ತೋರಿಸು. ತಾರೀಖೂ ಹಾಕಿದ್ದೇನೆ, ಸಹಿಯೂ ಮಾಡಿದ್ದೇನೆ.